ಸರಿಸಿಟ್ಟದ್ದು ಬ್ಯಾಕಪ್ ಅಲ್ಲ

ಪ್ರಶ್ನೆ: ನಮ್ಮ ಮನೆಯ ಹದಿನೈದು ವರ್ಷಗಳ ಫೋಟೊ, ವಿಡಿಯೊಗಳೆಲ್ಲ ಸೇರಿ ಸುಮಾರು ಒಂದೂವರೆ ಟಿಬಿ ಆಗುತ್ತವೆ. ಮಕ್ಕಳ ಬಾಲ್ಯ, ಪ್ರವಾಸಗಳು, ಸ್ಕ್ಯಾನ್ ಮಾಡಿಟ್ಟ ದಾಖಲೆಪತ್ರಗಳು ಎಲ್ಲ ಅದರಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ, ತೀರಿಕೊಂಡ ನನ್ನ ತಂದೆಯವರ ಧ್ವನಿಯಿರುವ ನಲವತ್ತು ನಿಮಿಷಗಳ ಒಂದು ರೆಕಾರ್ಡಿಂಗ್ ಇದೆ. ಲ್ಯಾಪ್‌ಟಾಪ್ ತುಂಬಿದಾಗಲೆಲ್ಲ ಹಳೆಯದನ್ನು 2 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಿ ಬ್ಯಾಕಪ್ ಮಾಡುತ್ತ ಬಂದಿದ್ದೇನೆ. ಆ ಡಿಸ್ಕ್‌ಗೆ ಈಗ ಏಳು ವರ್ಷ. ಹೋದ ವಾರದಿಂದ ಅದು ನಡುನಡುವೆ ಟಿಕ್ ಟಿಕ್ ಎನ್ನುತ್ತಿದೆ. ಕೆಲವು ಫೋಲ್ಡರ್‌ಗಳು ನಿಮಿಷಗಟ್ಟಲೆ ಕಾಯಿಸಿ ತೆರೆಯುತ್ತವೆ. ಆದರೆ ಡಿಸ್ಕ್‌ನ ಆರೋಗ್ಯ ತೋರಿಸುವ ತಂತ್ರಾಂಶ ಎಲ್ಲವೂ ಸರಿಯಿದೆ ಎಂದು ಹಸಿರು ಬಣ್ಣ ತೋರಿಸುತ್ತಿದೆ. ರೇಡ್ ಇರುವ ನ್ಯಾಸ್ ಪೆಟ್ಟಿಗೆ ಕೊಂಡರೆ ಮತ್ತೆ ಯೋಚನೆಯೇ ಇಲ್ಲ ಎನ್ನುತ್ತಾನೆ ಅಕ್ಕನ ಮಗ. ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಎಂದೂ ಕೆಡುವುದಿಲ್ಲ ಎಂದು ಒಬ್ಬ ಸಹೋದ್ಯೋಗಿ ಹೇಳಿದರೆ, ವಿದ್ಯುತ್ ಕೊಡದೆ ಇಟ್ಟ ಎಸ್‌ಎಸ್‌ಡಿ ವರ್ಷದೊಳಗೆ ಖಾಲಿಯಾಗುತ್ತದೆ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ಎಲ್ಲವನ್ನೂ ಕ್ಲೌಡ್‌ಗೆ ಹಾಕಿಬಿಡಿ ಎನ್ನುವುದು ನನ್ನ ಹೆಂಡತಿಯ ಸಲಹೆ. 2 ಟಿಬಿ ಎಂದು ಕೊಂಡ ಡಿಸ್ಕ್ 1.81 ಟಿಬಿ ಎಂದು ತೋರಿಸುವುದು ಅದು ಸವೆಯುತ್ತಿರುವ ಲಕ್ಷಣವೇ? ಒಮ್ಮೆ ಕೊಂಡರೆ ಇಪ್ಪತ್ತು ವರ್ಷ ತಿರುಗಿ ನೋಡಬೇಕಿಲ್ಲದ, ಅತ್ಯಂತ ನಂಬಿಕಸ್ಥ ಸಾಧನ ಯಾವುದು?

ಉತ್ತರ: ಸಾಧನದ ಮಾತು ಆಮೇಲೆ. ಆ ಡಿಸ್ಕ್ ಈಗಲೂ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿಯೇ ಇದ್ದರೆ, ಮೊದಲು ಅದನ್ನು ಸುರಕ್ಷಿತವಾಗಿ ಬೇರ್ಪಡಿಸಿ ಪಕ್ಕಕ್ಕಿಡಿ. ಅಲುಗಾಡದ ಜಾಗದಲ್ಲಿರಲಿ. ಮಿಕ್ಕದ್ದನ್ನು ನಿಧಾನವಾಗಿ ಓದಿ.

ಕೆಟ್ಟ ಡಿಸ್ಕ್‌ಗಳಿಂದ ಮಾಹಿತಿ ಹೊರತೆಗೆಯುವುದೇ ಬಹಳ ವರ್ಷಗಳಿಂದ ನನ್ನ ಕೆಲಸ. ನೀವು ಕೇಳಿಸಿಕೊಂಡ ಆ ಟಿಕ್ ಸದ್ದು ನನಗೆ ದಿನನಿತ್ಯದ್ದು. ಡಿಸ್ಕ್‌ನ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಅಂಗೈಯಲ್ಲಿ ಹಿಡಿಯುವ ಪುಟ್ಟ ಡಿಸ್ಕ್‌ನಲ್ಲೂ ತಟ್ಟೆಯ ಅಂಚಿನ ವೇಗ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ಓದುವ ಹೆಡ್ ಆ ತಟ್ಟೆಯನ್ನು ಮುಟ್ಟುವುದೇ ಇಲ್ಲ. ಕೆಲವೇ ನ್ಯಾನೋಮೀಟರ್ ಮೇಲೆ, ಗಾಳಿಯ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಅದರ ಎದುರಿಗೆ ತಲೆಗೂದಲಿನ ದಪ್ಪವೇ ಬೆಟ್ಟ. ತಾನು ಓದಬೇಕಾದ ಜಾಗ ಹೆಡ್‌ಗೆ ಸಿಗದಿದ್ದಾಗ ಅದರ ತೋಳು ಹಿಂದಕ್ಕೆ ಹೋಗಿ ಮತ್ತೆ ಪ್ರಯತ್ನಿಸುತ್ತದೆ. ಹೀಗೆ ಮರಳಿ ಮರಳಿ ಹೋಗಿ ಬರುವ ಸದ್ದೇ ನಿಮ್ಮ ಟಿಕ್ ಟಿಕ್. ಹೀಗೆ ಬಳಲಿದ ಡಿಸ್ಕ್‌ಗಳನ್ನು ದಿನಗಟ್ಟಲೆ ಓಡಿಸಿದ ಮೇಲೆ ನನ್ನ ಬಳಿ ತಂದವರಿದ್ದಾರೆ. ಮುಚ್ಚಳ ತೆರೆದರೆ ತಟ್ಟೆಯ ಮೇಲೆ ಬಳೆಯಂಥ ಒಂದು ಗೆರೆ, ಮೂಲೆಯ ಪುಟ್ಟ ಫಿಲ್ಟರ್‌ನಲ್ಲಿ ಬೂದಿಬಣ್ಣದ ನುಣುಪು ಪುಡಿ. ಆ ಪುಡಿಯೇ ಒಂದು ಕಾಲಕ್ಕೆ ಅವರ ಫೋಟೊಗಳಾಗಿತ್ತು. ಅದನ್ನು ಮತ್ತೆ ಫೋಟೊ ಮಾಡುವ ವಿದ್ಯೆ ಯಾರ ಬಳಿಯೂ ಇಲ್ಲ.

ನಿಮ್ಮ ಡಿಸ್ಕ್ ಆ ಹಂತಕ್ಕೆ ಹೋದಂತಿಲ್ಲ. ಫೋಲ್ಡರ್‌ಗಳು ತಡವಾಗಿಯಾದರೂ ತೆರೆಯುತ್ತಿವೆ ಎಂದಿದ್ದೀರಿ. ಸವೆದ ಕೇಬಲ್ ಅಥವಾ ಯುಎಸ್‌ಬಿ ಹಬ್‌ನಿಂದ ಸಾಕಷ್ಟು ವಿದ್ಯುತ್ ಸಿಗದಿದ್ದರೂ ಇಂಥದ್ದೇ ಸದ್ದು ಬರುವುದುಂಟು. ಆದ್ದರಿಂದ ನಿಮ್ಮ ಮುಂದೆ ಎರಡು ದಾರಿಗಳಿವೆ.

ಒಂದು, ಡಿಸ್ಕ್ ಅನ್ನು ಮತ್ತೆ ಸಿಕ್ಕಿಸದೆ ನೇರವಾಗಿ ವೃತ್ತಿಪರರಿಗೆ ಒಪ್ಪಿಸುವುದು. ಖರ್ಚು ಹೆಚ್ಚು, ಅಪಾಯ ಕಡಿಮೆ. ಎರಡು, ಹೊಸ ಡಿಸ್ಕ್ ಒಂದನ್ನು ಮೊದಲೇ ಕೈಯಲ್ಲಿಟ್ಟುಕೊಂಡು, ಬೇರೊಂದು ಗಿಡ್ಡ ಕೇಬಲ್‌ನಿಂದ ಹಳೆಯದನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನೀವೇ ನಕಲು ಮಾಡುವುದು. ಎರಡನೆಯದನ್ನು ಆರಿಸಿದರೆ ಕ್ರಮ ತಪ್ಪಬೇಡಿ. ಮೊದಲು ತಂದೆಯವರ ಧ್ವನಿ, ನಂತರ ದಾಖಲೆಪತ್ರ, ಆಮೇಲೆ ಮಕ್ಕಳ ಫೋಟೊ, ಕೊನೆಗೆ ಭಾರಿ ಗಾತ್ರದ ವಿಡಿಯೊ. ಎಲ್ಲವನ್ನೂ ಒಟ್ಟಿಗೆ ಆರಿಸಿ ನಕಲಿಗೆ ಹಚ್ಚಿ ಮಲಗಿಬಿಟ್ಟರೆ, ಯಾರಿಗೂ ಬೇಡದ ಪ್ರವಾಸದ ವಿಡಿಯೊ ಓದುತ್ತ ಓದುತ್ತ ಡಿಸ್ಕ್ ಕೊನೆಯುಸಿರೆಳೆಯಬಹುದು. ಕಮಾಂಡ್ ಬಳಸಿ ರೂಢಿಯಿದ್ದವರು ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಳಸಬಹುದು. ಅದು ಸುಲಭವಾಗಿ ಓದಲು ಸಿಗುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳ ಲೆಕ್ಕ ಬರೆದಿಟ್ಟುಕೊಂಡು, ಅಲ್ಲಿಗೆ ಕೊನೆಯಲ್ಲಿ ಮರಳುತ್ತದೆ. ಸದ್ದು ಜೋರಾದರೆ, ಅಥವಾ ಡಿಸ್ಕ್ ಕಾಣಿಸಿ ಮಾಯವಾಗತೊಡಗಿದರೆ, ಅಲ್ಲಿಗೆ ನಿಲ್ಲಿಸಿ. "ಇನ್ನೊಂದೇ ಸಲ ನೋಡೋಣ" ಎಂದವರ ಡಿಸ್ಕ್‌ಗಳಿಂದಲೇ ನನ್ನ ಮೇಜು ತುಂಬಿದೆ.

ನನ್ನ ಅಭಿಪ್ರಾಯ ಕೇಳಿದರೆ: ಆ ರೆಕಾರ್ಡಿಂಗ್‌ನ ಬೇರೆ ಪ್ರತಿ ಎಲ್ಲಿಯೂ ಇಲ್ಲವೆಂಬುದು ಖಚಿತವಾದರೆ, ಮೊದಲ ದಾರಿಯೇ ಸರಿ. ಆದರೆ ಖಚಿತಪಡಿಸಿಕೊಳ್ಳಿ. ಅದನ್ನು ರೆಕಾರ್ಡ್ ಮಾಡಿದ ಹಳೆಯ ಫೋನ್ ಮನೆಯಲ್ಲೇ ಎಲ್ಲಾದರೂ ಬಿದ್ದಿದೆಯೇ? ನಿಮ್ಮ ಅಕ್ಕನಿಗೆ ಎಂದಾದರೂ ಕಳಿಸಿದ್ದಿರಾ? ಹಳೆಯ ಇಮೇಲ್‌ನಲ್ಲಿ ಸಿಗಬಹುದೇ? ಸಾವಿರಾರು ರೂಪಾಯಿಯ ಉಪಕರಣಗಳಿಗಿಂತ ಇಂಥ ಹುಡುಕಾಟವೇ ಎಷ್ಟೋ ಸಲ ಫಲ ಕೊಟ್ಟಿದೆ.

ಯಾವ ಕಾರಣಕ್ಕೂ ಮಾಡಬಾರದ ಕೆಲಸಗಳೂ ಇವೆ. ವಿಂಡೋಸ್ "ಈ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳಿದರೆ ಒಪ್ಪಬೇಡಿ. ದೋಷ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲ್‌ಗಳ ಪಟ್ಟಿಯನ್ನು ರಿಪೇರಿ ಮಾಡುತ್ತದೆಯೇ ಹೊರತು ಸವೆದ ಹೆಡ್ ಅನ್ನಲ್ಲ. ಸಾಯುತ್ತಿರುವ ಡಿಸ್ಕ್ ಮೇಲೆ ಗಂಟೆಗಟ್ಟಲೆ ದುಡಿಮೆ ಹೇರುವುದಷ್ಟೇ ಅದರ ಸಾಧನೆ. ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಡಿಸ್ಕ್ ಬದುಕುತ್ತದೆ ಎಂಬ ಹಳೆಯ ಕಥೆ ಈಗಲೂ ಓಡಾಡುತ್ತಿದೆ. ಹೊರತೆಗೆದ ಕೂಡಲೇ ತಟ್ಟೆಯ ಮೇಲೆ ತೇವ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರುವ ಹೆಡ್‌ಗೆ ಒಂದು ಹನಿ ನೀರು ಎಂದರೆ ಏನೆಂದು ನೀವೇ ಊಹಿಸಿ.

ಹಸಿರು ಬಣ್ಣದ ಮಾತಿಗೆ ಬರೋಣ. ಆ ತಂತ್ರಾಂಶ ಓದುವುದು ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಎಂಬ ದಿನಚರಿಯನ್ನು. ಅದು ಕೆಂಪು ತೋರಿಸಿದರೆ ನಂಬಬೇಕು. ಹಸಿರು ತೋರಿಸಿದರೆ ನಂಬಬೇಕಾಗಿಲ್ಲ. ಗೂಗಲ್ ಸಂಸ್ಥೆ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ 36ಕ್ಕೂ ಹೆಚ್ಚಿನವು, ತಾಪಮಾನದ ಲೆಕ್ಕವನ್ನು ಬಿಟ್ಟರೆ, ಒಂದೇ ಒಂದು ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ನಿಮ್ಮ ಕಿವಿ ಆ ಹಸಿರು ದೀಪಕ್ಕಿಂತ ಮೊದಲೇ ಸರಿಯಾದದ್ದನ್ನು ಹೇಳಿದೆ. 1.81ರ ವಿಷಯದಲ್ಲಿ ಮಾತ್ರ ನಿಶ್ಚಿಂತೆಯಾಗಿರಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಎರಡು ಲಕ್ಷ ಕೋಟಿ ಬೈಟ್‌ಗಳನ್ನು ಎರಡನೆಯ ಲೆಕ್ಕಕ್ಕೆ ತಿರುಗಿಸಿದರೆ ಬರುವ ಸಂಖ್ಯೆಯೇ 1.81. ಡಿಸ್ಕ್ ಸವೆದಿಲ್ಲ, ನೀವು ಮೋಸ ಹೋಗಿಯೂ ಇಲ್ಲ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಾಕ್ಯ: "ಹಳೆಯದನ್ನು ಹಾರ್ಡ್ ಡಿಸ್ಕ್‌ಗೆ ಹಾಕಿ ಬ್ಯಾಕಪ್ ಮಾಡುತ್ತ ಬಂದಿದ್ದೇನೆ." ಹಾಕಿದ ಮೇಲೆ ಲ್ಯಾಪ್‌ಟಾಪ್‌ನಿಂದ ಅಳಿಸಿದ್ದೀರಿ, ಅಲ್ಲವೇ? ಜಾಗ ಬೇಕಾಗಿತ್ತಲ್ಲ. ಹಾಗಾದರೆ ನೀವು ಮಾಡಿದ್ದು ಸ್ಥಳಾಂತರ. ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ ಪ್ರತಿ ಇದೆ. ಅದೂ ಲ್ಯಾಪ್‌ಟಾಪ್‌ಗಿಂತ ಸುಲಭವಾಗಿ ಕೈಜಾರಿ ಬೀಳುವ ಪೆಟ್ಟಿಗೆಯಲ್ಲಿ. ಬೇಸರ ಮಾಡಿಕೊಳ್ಳಬೇಡಿ. ನನ್ನ ಬಳಿ ಬರುವ ಬಹಳಷ್ಟು ಜನರ ಮೊದಲ ಮಾತೇ "ಬ್ಯಾಕಪ್ ಡಿಸ್ಕ್ ಕೆಟ್ಟಿದೆ" ಎಂದಾಗಿರುತ್ತದೆ. ಬ್ಯಾಕಪ್ ಕೆಟ್ಟರೆ ಅಳಬೇಕಾಗಿಲ್ಲವಲ್ಲ, ಮೂಲ ಇರುತ್ತದೆ. ಅವರು ಅಳುತ್ತಿರುತ್ತಾರೆ.

ಇಲ್ಲಿಂದ ಮುಂದಕ್ಕೆ ಯೋಚಿಸಿದರೆ, "ಅತ್ಯಂತ ನಂಬಿಕಸ್ಥ ಸಾಧನ ಯಾವುದು" ಎಂಬ ಪ್ರಶ್ನೆಗೆ ನಾನು ನೇರ ಉತ್ತರ ಕೊಡದಿರುವುದು ಏಕೆಂದು ತಿಳಿಯುತ್ತದೆ. ಮಾಹಿತಿ ಹಾಳಾಗುವುದು ಸಾಧನ ಸತ್ತಾಗ ಮಾತ್ರವಲ್ಲ. ತಪ್ಪು ಫೋಲ್ಡರ್ ಅಳಿಸುವ ಕೈ ಇದೆ. ಕಳ್ಳ, ಬೆಂಕಿ, ನೀರು ಇವೆ. ಎಲ್ಲ ಫೈಲ್‌ಗಳಿಗೂ ಬೀಗ ಜಡಿದು ಹಣ ಕೇಳುವ ರ್‍ಯಾನ್ಸಮ್‌ವೇರ್ ಇದೆ. ಮರೆತುಹೋದ ಪಾಸ್‌ವರ್ಡ್ ಇದೆ. ಇವುಗಳಲ್ಲಿ ಎಲ್ಲದಕ್ಕೂ ಎದೆಯೊಡ್ಡಿ ನಿಲ್ಲುವ ಪೆಟ್ಟಿಗೆಯನ್ನು ಯಾರೂ ತಯಾರಿಸಿಲ್ಲ. ಒಂದೊಂದು ಸಾಧನ ಒಂದೊಂದು ಶತ್ರುವಿಗೆ ಮಾತ್ರ ಉತ್ತರ.

ಅಕ್ಕನ ಮಗನ ಸಲಹೆಯನ್ನೇ ತೆಗೆದುಕೊಳ್ಳಿ. ಹುಡುಗ ತಿಳಿದವನೇ. ನ್ಯಾಸ್ ಎಂದರೆ ಮನೆಯ ನೆಟ್‌ವರ್ಕ್‌ಗೆ ಸಿಕ್ಕಿಸಿಡುವ ಡಿಸ್ಕ್‌ಗಳ ಪೆಟ್ಟಿಗೆ. ಮನೆಯವರೆಲ್ಲರ ಫೋನ್, ಲ್ಯಾಪ್‌ಟಾಪ್‌ಗಳ ಫೈಲ್‌ಗಳನ್ನೂ ಅದರೊಳಗೆ ಉಳಿಸಬಹುದು. ಒಳಗಿನ ಎರಡು ಡಿಸ್ಕ್‌ಗಳಲ್ಲೂ ಅದೇ ಮಾಹಿತಿ ಬರೆಯುವ ಏರ್ಪಾಡು ರೇಡ್. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ 1988ರಲ್ಲಿ ಈ ಹೆಸರಿನ ಪ್ರಬಂಧ ಮಂಡಿಸಿದಾಗ ಅವರ ತಲೆಯಲ್ಲಿದ್ದದ್ದು, ದುಬಾರಿಯಾದ ಒಂದು ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಕೂಡಿಸಿ ವೇಗ ಪಡೆಯುವುದು, ನಡುವೆ ಒಂದು ಸತ್ತರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಕೆಲಸ ನಿಲ್ಲದಿರುವುದು ಬೇರೆ, ಕಳೆದದ್ದು ಮರಳಿ ಸಿಗುವುದು ಬೇರೆ.

ಒಮ್ಮೆ ಒಬ್ಬ ಮಹಿಳೆ ಇಂಥ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದರು. ಎರಡೂ ಡಿಸ್ಕ್‌ಗಳು ಗಟ್ಟಿಮುಟ್ಟಾಗಿದ್ದವು. ಒಂದೇ ಬಗೆಯ ಹೆಸರಿನ ಎರಡು ಫೋಲ್ಡರ್‌ಗಳಲ್ಲಿ ಹಳೆಯದೆಂದುಕೊಂಡು ಸರಿಯಾದದ್ದನ್ನೇ ಅಳಿಸಿದ್ದರು. ರೇಡ್ ತನ್ನ ಧರ್ಮ ಬಿಡಲಿಲ್ಲ, ಎರಡೂ ಡಿಸ್ಕ್‌ಗಳಿಂದ ಏಕಕಾಲಕ್ಕೆ ಅಳಿಸಿತು. ಕನ್ನಡಿ ಮುಖದ ಮಸಿಯನ್ನೂ ಇದ್ದ ಹಾಗೆಯೇ ತೋರಿಸುತ್ತದೆ. "ಎರಡು ಕಡೆ ಇತ್ತಲ್ಲ, ಎರಡನೆಯದರಿಂದ ತೆಗೆದುಕೊಡಿ" ಎಂದು ಅವರು ಕೇಳಿದಾಗ ಏನು ಹೇಳಬೇಕೆಂದು ನನಗೆ ತಕ್ಷಣ ತೋಚಲಿಲ್ಲ. ಇದರ ಮೇಲೆ, ಒಂದೇ ದಿನ ಕೊಂಡ ಒಂದೇ ಮಾದರಿಯ ಎರಡು ಡಿಸ್ಕ್‌ಗಳು ಒಂದೇ ಬಿಸಿಯಲ್ಲಿ ಒಂದೇ ಪ್ರಮಾಣದಲ್ಲಿ ದುಡಿಯುತ್ತವೆ. ಒಂದು ಸತ್ತು, ಹೊಸದಕ್ಕೆ ಎಲ್ಲವನ್ನೂ ತುಂಬಿಸುವ ಆ ಗಂಟೆಗಳಲ್ಲೇ ಇನ್ನೊಂದು ಕೈಕೊಡುವ ಸಂಭವ ಇಲ್ಲದಿಲ್ಲ.

ನಾಲ್ಕಾರು ಮಂದಿ ಒಂದೇ ಸಂಗ್ರಹವನ್ನು ಬಳಸುವ ಮನೆಯಾದರೆ ನ್ಯಾಸ್ ಒಳ್ಳೆಯದೇ. ಫೈಲ್‌ಗಳ ಹಿಂದಿನ ರೂಪಗಳನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸಿಕೊಳ್ಳುವ ಸೌಲಭ್ಯ ಇರುವುದನ್ನೇ ಆರಿಸಿ. ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಎಂದಿದ್ದರೆ ಬೇಡವೆನ್ನಿ. ಛಾವಣಿಗೆ ಹೆಂಚು ಹೊದಿಸಿದಂತೆ ಅದರಲ್ಲಿ ಬರಹದ ಪಥಗಳು ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕು, ಆದ್ದರಿಂದ ರೇಡ್‌ನಲ್ಲಿ ಅದು ತೆವಳುತ್ತದೆ. ವಾರಕ್ಕೊಮ್ಮೆ ನಕಲು ಮಾಡಿ ಎತ್ತಿಡುವ ಡಿಸ್ಕ್‌ಗಾದರೆ ಎಸ್‌ಎಂಆರ್ ನಡೆಯುತ್ತದೆ. ಎಲ್ಲ ಹೇಳಿಯೂ, ನಿಮ್ಮ ಪತ್ರ ಓದಿದರೆ ನಿಮಗೆ ಸದ್ಯಕ್ಕೆ ನ್ಯಾಸ್ ಬೇಕಿಲ್ಲ ಎನ್ನಿಸುತ್ತದೆ. ಅಪ್ಡೇಟ್ ಮಾಡುತ್ತ, ಪಾಸ್‌ವರ್ಡ್ ಕಾಯುತ್ತ ನೋಡಿಕೊಳ್ಳಬೇಕಾದ ಇನ್ನೊಂದು ಕಂಪ್ಯೂಟರ್ ಅದು. ನೋಡಿಕೊಳ್ಳದ ನ್ಯಾಸ್‌ಗಳನ್ನು ಇಂಟರ್‌ನೆಟ್‌ಗೆ ತೆರೆದಿಟ್ಟು ರ್‍ಯಾನ್ಸಮ್‌ವೇರ್‌ಗೆ ತುತ್ತಾದವರನ್ನು ಕಂಡಿದ್ದೇನೆ.

ಎಸ್‌ಎಸ್‌ಡಿಯ ಬಗ್ಗೆ ನಿಮ್ಮ ಇಬ್ಬರು ಸಹೋದ್ಯೋಗಿಗಳೂ ಅರ್ಧ ಸತ್ಯ ಹೇಳಿದ್ದಾರೆ. ತಿರುಗುವ ಭಾಗ ಇಲ್ಲದ್ದರಿಂದ ಎಸ್‌ಎಸ್‌ಡಿ ಬಿದ್ದರೂ ಬಹುಮಟ್ಟಿಗೆ ಬದುಕುತ್ತದೆ, ವೇಗವೂ ಹೆಚ್ಚು. ಆದರೆ ಸಾಯುವಾಗ ಟಿಕ್ ಎಂದೂ ಹೇಳುವುದಿಲ್ಲ. ನಿನ್ನೆ ಇತ್ತು, ಇಂದು ಕಂಪ್ಯೂಟರ್‌ಗೆ ಕಾಣುವುದಿಲ್ಲ, ಅಷ್ಟೇ. ಇನ್ನೊಂದು ತೊಡಕು ಅಳಿಸಿದ ಫೈಲ್‌ಗಳದು. ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ್ದು ಮೇಲೆ ಬೇರೇನಾದರೂ ಬರೆಯುವವರೆಗೆ ಹಾಗೇ ಉಳಿದಿರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಆಜ್ಞೆ ಆ ಜಾಗವನ್ನು ಖಾಲಿಯೆಂದು ಗುರುತಿಸಿ, ಡ್ರೈವ್ ಅದನ್ನು ಒಳಗೊಳಗೇ ಒರೆಸಿಹಾಕುತ್ತದೆ. ಆಮೇಲೆ ನಮ್ಮಂಥವರ ಬಳಿ ಬಂದರೂ ಬರಿಗೈ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ ಇದ್ದರೆ, ಅಲ್ಲಿಂದ ಅಳಿಸಿದ ಹಳೆಯ ಫೋಟೊಗಳನ್ನು ಮರಳಿ ಪಡೆಯುವ ಆಸೆ ಇಟ್ಟುಕೊಳ್ಳಬೇಡಿ.

ವರ್ಷದೊಳಗೆ ಖಾಲಿಯಾಗುತ್ತದೆ ಎಂಬ ಹೆದರಿಕೆಗೂ ಒಂದು ಮೂಲವಿದೆ. ಎಸ್‌ಎಸ್‌ಡಿಯಲ್ಲಿ ಮಾಹಿತಿ ಎಂದರೆ ಸೂಕ್ಷ್ಮ ಕೋಶಗಳಲ್ಲಿ ಸೆರೆಹಿಡಿದ ವಿದ್ಯುದಂಶ. ಅದು ಕಾಲಕ್ರಮದಲ್ಲಿ ಸೋರುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಜೆಡೆಕ್ ಎಂಬ ಮಾನದಂಡ ಸಂಸ್ಥೆ ಮನೆಬಳಕೆಯ ಎಸ್‌ಎಸ್‌ಡಿಗೆ ಒಂದು ಕನಿಷ್ಠ ಮಿತಿ ಹಾಕಿದೆ: ಬರೆಯುವ ಆಯುಷ್ಯವನ್ನೆಲ್ಲ ಮುಗಿಸಿದ ಮೇಲೂ, ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಅದು ಮಾಹಿತಿ ಹಿಡಿದಿಡಬೇಕು. ಸವೆದು ಮುಗಿದ ಡ್ರೈವ್‌ಗೆ ಹೇಳಿದ ಮಾತನ್ನು ಜನ ಹೊಸ ಡ್ರೈವ್‌ಗೂ ಅಂಟಿಸಿಬಿಟ್ಟರು. ಹೊಸದು ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಡುತ್ತದೆ. ಆದರೂ ಬೀರುವಿನಲ್ಲಿ ವರ್ಷಾನುಗಟ್ಟಲೆ ಮರೆತುಬಿಡುವ ಪ್ರತಿಗೆ ಎಸ್‌ಎಸ್‌ಡಿ ನನ್ನ ಆಯ್ಕೆಯಲ್ಲ. ಪೆನ್ ಡ್ರೈವ್ ಅಂತೂ ಬೇಡವೇ ಬೇಡ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಫೈಲ್ ಒಯ್ಯಲು ಅದು ಸಾಕು, ಕಾಯ್ದಿಡಲು ಅಲ್ಲ. ಡಿವಿಡಿ, ಬ್ಲೂ-ರೇಗಳ ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದಾಯಿತು. 25 ಜಿಬಿಯ ಬ್ಲೂ-ರೇ ತಟ್ಟೆಗಳಲ್ಲಿ ನಿಮ್ಮ ಸಂಗ್ರಹ ಹಿಡಿಸಲು ಅರವತ್ತು ಬೇಕು. ಅವನ್ನು ಓದುವ ಡ್ರೈವ್ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇರುವುದೂ ಇಲ್ಲ.

ಇನ್ನು ನಿಮ್ಮ ಮನೆಯವರು ಹೇಳಿದ ಕ್ಲೌಡ್. ನೀವು ಕೇಳಿಸಿಕೊಂಡ ಸಲಹೆಗಳಲ್ಲೆಲ್ಲ ಹೆಚ್ಚು ತೂಕದ್ದು ಇದೇ. ಮನೆಗೆ ಬೆಂಕಿ ಬಿದ್ದರೂ ಉಳಿಯುವ ಪ್ರತಿ ಅದೊಂದೇ. ಆದರೆ ಕ್ಲೌಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ಸಿಂಕ್ ಎಂದರೆ ನಿಮ್ಮ ಫೋಲ್ಡರ್ ಮತ್ತು ಅಲ್ಲಿನ ಫೋಲ್ಡರ್ ಸದಾ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿ 30 ದಿನಗಳ ನಂತರ ತಾನಾಗಿ ಖಾಲಿಯಾಗುತ್ತದೆ. ಮೂವತ್ತೊಂದನೆಯ ದಿನ ನೆನಪಾದರೆ ಪ್ರಯೋಜನವಿಲ್ಲ. ಫೋನ್‌ನಲ್ಲಿ ಜಾಗ ಮಾಡಲು ಫೋಟೊ ಅಳಿಸಿ, ಕ್ಲೌಡ್‌ನಲ್ಲೂ ಕಳೆದುಕೊಂಡವರು ಪ್ರತಿ ತಿಂಗಳೂ ಒಬ್ಬರಾದರೂ ನನಗೆ ಕರೆ ಮಾಡುತ್ತಾರೆ. ಬ್ಯಾಕಪ್ ಸೇವೆ ಹಾಗಲ್ಲ. ಅದು ಹಳೆಯ ರೂಪಗಳನ್ನೂ ಅಳಿಸಿದ್ದನ್ನೂ ತಿಂಗಳುಗಟ್ಟಲೆ ಉಳಿಸಿಕೊಂಡಿರುತ್ತದೆ. ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಇಂದು ಅಳಿಸಿದ ಫೈಲ್ ಎಷ್ಟು ದಿನಗಳವರೆಗೆ ಮರಳಿ ಸಿಗುತ್ತದೆ?

ದೊಡ್ಡ ಕಂಪನಿ ಎಂಬ ಕಾರಣಕ್ಕೆ ಕಣ್ಣುಮುಚ್ಚಿ ನಂಬುವುದೂ ಬೇಡ. ಸರ್ವರ್ ಬದಲಿಸುವಾಗ ಹಳೆಯ ಫೋಟೊ, ಹಾಡು, ವಿಡಿಯೊಗಳನ್ನು ಕಳೆದುಕೊಂಡಿದ್ದೇವೆ ಎಂದು ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ 2019ರಲ್ಲಿ ಒಪ್ಪಿಕೊಂಡಿತು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಸಂಸ್ಥೆಯ ಒಂದು ದತ್ತಾಂಶ ಕೇಂದ್ರವೇ ಸುಟ್ಟುಹೋಯಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬ ಗೂಗಲ್‌ನ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಚಂದಾ ಕಟ್ಟಲು ಮರೆತರೆ, ಖಾತೆಯ ಪಾಸ್‌ವರ್ಡ್ ಕಳೆದುಹೋದರೆ, ಅಲ್ಲಿರುವುದು ಇದ್ದೂ ಇಲ್ಲದಂತೆ. ಹಾಗಾಗಿ ಕ್ಲೌಡ್ ಇರಲಿ, ಕ್ಲೌಡ್ ಒಂದೇ ಇರುವುದು ಬೇಡ.

ಹಾಗಾದರೆ ಏನು ಮಾಡಬೇಕು? ನಮ್ಮ ವೃತ್ತಿಯಲ್ಲಿ 3-2-1 ಎಂಬ ಒಂದು ಸೂತ್ರವಿದೆ. ಅದನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು. ಫೋಟೊ ಕಳೆದುಕೊಳ್ಳುವ ನೋವು ಎಂಜಿನಿಯರ್‌ಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರಬೇಕು. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ನಿಮ್ಮ ಮನೆಗೆ ಅದನ್ನು ನಾನು ಹೀಗೆ ಹೊಂದಿಸುತ್ತೇನೆ.

4 ಟಿಬಿಯ ಎರಡು ಹಾರ್ಡ್ ಡಿಸ್ಕ್‌ಗಳನ್ನು ಕೊಳ್ಳಿ, ಬೇರೆ ಬೇರೆ ತಯಾರಕರವು. ಮೊದಲನೆಯದು ಮೇಜಿನ ಮೇಲಿರಲಿ. ಸಂಗ್ರಹದ ಮೂಲ ಪ್ರತಿ ಇನ್ನು ಮುಂದೆ ಅದು. ಎರಡನೆಯದು ತಿಂಗಳಿಗೊಮ್ಮೆ ಮಾತ್ರ ಲ್ಯಾಪ್‌ಟಾಪ್‌ನ ಮುಖ ನೋಡಲಿ. ಮೊದಲನೆಯದರಲ್ಲಿ ಇರುವುದನ್ನೆಲ್ಲ ಅದಕ್ಕೆ ನಕಲು ಮಾಡಿ, ಕೇಬಲ್ ಕಿತ್ತು, ಬೀರುವಿನಲ್ಲಿಡಿ. ಕೇಬಲ್ ಕೀಳುವುದೇ ಇಲ್ಲಿ ಮುಖ್ಯ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಹಬ್ಬಿದಾಗ ಅದು ಕಂಪ್ಯೂಟರ್‌ಗೆ ಅಂಟಿಕೊಂಡಿದ್ದ ಡಿಸ್ಕ್‌ಗಳನ್ನೂ ಬಿಡಲಿಲ್ಲ. ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಡಿಸ್ಕ್, ಬಾಗಿಲಿನಲ್ಲೇ ಬಿಟ್ಟ ಬೀಗದಕೈಯ ಹಾಗೆ. ಮೂರನೆಯ ಪ್ರತಿ ಕ್ಲೌಡ್‌ನಲ್ಲಿ. ಮೊದಲ ಸಲದ ಅಪ್‌ಲೋಡ್ ತಾಳ್ಮೆ ಬೇಡುತ್ತದೆ. ನಿಮ್ಮ ಅಪ್‌ಲೋಡ್ ವೇಗ ಸೆಕೆಂಡಿಗೆ 20 ಮೆಗಾಬಿಟ್ ಎಂದುಕೊಂಡರೆ ಒಂದೂವರೆ ಟಿಬಿ ಏರಲು ಹಗಲೂರಾತ್ರಿ ಸೇರಿ ಸುಮಾರು ಏಳು ದಿನ. ಮುಂದೆ ಹೊಸದು ಮಾತ್ರ ಹೋಗುತ್ತದೆ.

ತಿಂಗಳ ಚಂದಾ ಹೊರೆಯೆನ್ನಿಸಿದರೆ ಇನ್ನೊಂದು ದಾರಿಯಿದೆ. ಮೂರನೆಯ ಡಿಸ್ಕ್ ಒಂದನ್ನು ಕೊಂಡು ಅಕ್ಕನ ಮನೆಯಲ್ಲಿಟ್ಟು, ಹೋದಾಗಲೆಲ್ಲ ಅದಲುಬದಲು ಮಾಡಿಕೊಳ್ಳಿ. ಖರ್ಚು ಒಂದೇ ಸಲ. ತೊಂದರೆಯೆಂದರೆ, ಕೊನೆಯ ಭೇಟಿಯ ನಂತರದ ಫೋಟೊಗಳು ಅದರಲ್ಲಿರುವುದಿಲ್ಲ. ಹೊರಗಿಡುವ ಡಿಸ್ಕ್‌ಗೆ ಎನ್‌ಕ್ರಿಪ್ಷನ್, ಅಂದರೆ ಕೀಲಿಪದವಿಲ್ಲದೆ ಯಾರೂ ಓದಲಾಗದಂಥ ಬೀಗ, ಹಾಕುವುದು ಸರಿ, ಆದರೆ ಕೀಲಿಯನ್ನು ಕಾಗದದ ಮೇಲೆ ಬರೆದು ನಿಮ್ಮಿಬ್ಬರಿಗೂ ಗೊತ್ತಿರುವ ಜಾಗದಲ್ಲಿಡಿ. ಡಿಸ್ಕ್ ನೆಟ್ಟಗಿದ್ದು, ಕೀಲಿ ಗೊತ್ತಿದ್ದ ಏಕೈಕ ವ್ಯಕ್ತಿ ತೀರಿಕೊಂಡು, ಮನೆಯವರು ನನ್ನೆದುರು ಕೂತ ಸಂದರ್ಭಗಳಿವೆ. ಸರಿಯಾಗಿ ಹಾಕಿದ ಎನ್‌ಕ್ರಿಪ್ಷನ್‌ನ ಎದುರು ನಾನೂ ನಿಮ್ಮಷ್ಟೇ ನಿಸ್ಸಹಾಯಕ.

ಫೋನ್‌ಗಳನ್ನು ಈ ಲೆಕ್ಕದಿಂದ ಬಿಡಬೇಡಿ. ಹೋದ ಎರಡು ವರ್ಷಗಳ ಫೋಟೊಗಳು ಬಹುಶಃ ಅವುಗಳಲ್ಲೇ ಇವೆ. ಈಚಿನ ಫೋನ್‌ಗಳಲ್ಲಿ ಮಾಹಿತಿಯೆಲ್ಲ ಎನ್‌ಕ್ರಿಪ್ಟ್ ಆಗಿರುವುದರಿಂದ ಒಳಗಿನ ಬೋರ್ಡ್ ಸತ್ತರೆ ಚಿಪ್ ಕಿತ್ತು ಓದುವ ಹಳೆಯ ಉಪಾಯ ನಡೆಯುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದೇವಲ್ಲ ಎನ್ನಬೇಡಿ. ಸಾಮಾನ್ಯವಾಗಿ ಅಲ್ಲಿ ಉಳಿಯುವುದು ಕುಗ್ಗಿಸಿದ ಫೋಟೊ.

ಇಪ್ಪತ್ತು ವರ್ಷ ತಿರುಗಿ ನೋಡಬೇಕಿಲ್ಲದ ಸಾಧನ ಕೇಳಿದ್ದಿರಿ. ಹಾರ್ಡ್ ಡಿಸ್ಕ್‌ಗಳನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಿ ಎಂದೇ ನಾನು ಹೇಳುವುದು, ಅವು ಸದ್ದು ಮಾಡಲಿ ಬಿಡಲಿ. ಮತ್ತೆ, ತಿರುಗಿ ನೋಡದಿರುವುದೇ ದೊಡ್ಡ ಅಪಾಯ ಎಂಬುದನ್ನು ನಾನು ಓದಿ ಕಲಿತದ್ದಲ್ಲ. ನನ್ನ ಕಂಪ್ಯೂಟರ್ ಪ್ರತಿ ರಾತ್ರಿ ತಾನಾಗಿಯೇ ಬ್ಯಾಕಪ್ ಮಾಡುವಂತೆ ಹೊಂದಿಸಿದ್ದೆ. ಬೆಳಗ್ಗೆ "ಯಶಸ್ವಿಯಾಗಿದೆ" ಎಂಬ ಸಂದೇಶ ಬರುತ್ತಿತ್ತು. ಒಂದು ದಿನ ಹಳೆಯ ಪತ್ರವೊಂದು ಬೇಕಾಗಿ ತೆರೆದರೆ ಎಂಟು ತಿಂಗಳಿಂದ ಒಂದು ಫೈಲ್ ಕೂಡ ಹೊಸದಾಗಿ ಸೇರಿರಲಿಲ್ಲ. ಆಗ ಯಾವುದೋ ಕಾರಣಕ್ಕೆ ಕೆಲಸದ ಫೋಲ್ಡರ್‌ನ ಹೆಸರು ಬದಲಿಸಿ, ಹಳೆಯ ಹೆಸರಿನ ಖಾಲಿ ಫೋಲ್ಡರ್ ಅನ್ನು ಹಾಗೇ ಬಿಟ್ಟಿದ್ದೆ. ತಂತ್ರಾಂಶ ಆ ಖಾಲಿ ಫೋಲ್ಡರ್ ಅನ್ನೇ ರಾತ್ರಿ ರಾತ್ರಿ ಯಶಸ್ವಿಯಾಗಿ ನಕಲು ಮಾಡುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವವನ ಮನೆಯ ಕಥೆ ಇದು. ದೊಡ್ಡವರೂ ಇದಕ್ಕೆ ಹೊರತಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ದತ್ತಸಂಚಯವನ್ನೇ ಅಳಿಸಿದಾಗ, ನಿತ್ಯ ನಡೆಯಬೇಕಾಗಿದ್ದ ಬ್ಯಾಕಪ್ ಕೆಲಸವೇ ಮಾಡುತ್ತಿರಲಿಲ್ಲ ಎಂಬುದು ಹೊರಬಿತ್ತು. ಬೇರೊಂದು ಕಾರಣಕ್ಕೆ ಯಾರೋ ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿ ಅವರನ್ನು ಉಳಿಸಿತು.

ಆದ್ದರಿಂದ ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಹದಿನೈದು ನಿಮಿಷ ಕೊಡಿ. ಬೀರುವಿನ ಡಿಸ್ಕ್ ಹೊರತೆಗೆದು, ಕಣ್ಣಿಗೆ ಬಿದ್ದ ನಾಲ್ಕು ಫೈಲ್‌ಗಳನ್ನು ತೆರೆಯಿರಿ. ಕ್ಲೌಡ್‌ನಿಂದಲೂ ಎರಡು ಇಳಿಸಿಕೊಳ್ಳಿ. ವಿಡಿಯೊ ಆದರೆ ಕೊನೆಯವರೆಗೂ ಓಡುತ್ತದೆಯೇ ನೋಡಿ. ನಿಮ್ಮ ತಂದೆಯವರ ರೆಕಾರ್ಡಿಂಗ್ ಕೂಡ ಆ ನಾಲ್ಕರಲ್ಲಿ ಒಂದಾಗಿರಲಿ.

ಟಿಕ್ ಎನ್ನುವ ಹಳೆಯ ಡಿಸ್ಕ್‌ನಿಂದ ಎಲ್ಲ ಹೊರಬಂದ ಮೇಲೂ ಅದನ್ನು ತಕ್ಷಣ ಎಸೆಯಬೇಡಿ. ಮೂರೂ ಪ್ರತಿಗಳನ್ನು ತೆರೆದು ನೋಡಿ ಖಚಿತವಾಗುವವರೆಗೆ ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿ ಇಟ್ಟಿರಿ. ಚೀಟಿಯ ಮೇಲೆ "ಕೆಟ್ಟಿದೆ, ಸಿಕ್ಕಿಸಬೇಡಿ" ಎಂದೂ ಬರೆಯಿರಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಖಾಲಿ ಡಿಸ್ಕ್ ಎಂದುಕೊಂಡು ಅದರ ಮೇಲೇ ಹೊಸ ಫೋಟೊ ತುಂಬಿಸುತ್ತಾರೆ.